ಕಾರಿಗೆ ನೀರು ಎಲ್ಲಿಂದ ಬರುತ್ತದೆಂದು ಸಂತ ಅಂತೋನಿಯವರು ತೋರಿಸಿಕೊಟ್ಟದ್ದು

ಕಳೆದ ಆಟಿ ತಿಂಗಳಿನ ಜಡಿಮಳೆಯಲ್ಲಿ ನಮ್ಮ ಕಾರು ಮಳೆನೀರು ಕುಡಿದು ಹುಚ್ಚು ಹಿಡಿದ ಹಾಗಾಯಿತು. ಯಾರೂ ಮುಟ್ಟದೆ ಹಾರ್ನ್ ಕೂಗುತ್ತಿತ್ತು. ಬಿಸಿಲಿರುವಾಗ ವೈಪರ್ ಆಡುತ್ತಿತ್ತು, ಮಳೆ ಬಂದರೆ ನಿಲ್ಲುತ್ತಿತ್ತು. ಕಿಟಕಿಯ ಗಾಜು ಇಳಿದರೆ ಏರುತ್ತಿರಲಿಲ್ಲ. ಒಂದು ಭಾನುವಾರ ಚರ್ಚಿನ ಪೂಜೆಯಲ್ಲಿ ಫಾದರ್ ಪವಿತ್ರ ರೊಟ್ಟಿ ಎತ್ತಿದ ಹೊತ್ತಿಗೇ ಹೊರಗಿನಿಂದ ಅದು ಬೊಬ್ಬೆ ಹಾಕಿತು. ಎಲ್ಲರೂ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಲಿಲ್ಲ. ಹಾರ್ನ್ ಒತ್ತಿದ್ದು ನಾನಲ್ಲ.

ನನ್ನ ಹೆಸರು ಲೂಸಿ. ಕಾಪುವಿನಿಂದ ಒಳಗೆ, ಮಲ್ಲಿಗೆ ಬೆಳೆಯುವ ಊರು ನಮ್ಮದು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮನೆಮಾತು ಕೊಂಕಣಿ. ಆದರೆ ಕಾರ್ಕಳದ ಹತ್ತಿರ ಇರುವ ಸಂತ ಅಂತೋನಿಯವರ ಪ್ರಾರ್ಥನಾಲಯಕ್ಕೆ ಎಲ್ಲ ಜಾತಿಯವರೂ ಬರುತ್ತಾರೆ, ನಿಮ್ಮ ಸಾಕ್ಷಿಯನ್ನು ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಬರೆಯಿರಿ ಎಂದು ಅಲ್ಲಿಯ ಫಾದರ್ ಹೇಳಿದರು. ತಪ್ಪಿದ್ದರೆ ಸರಿ ಮಾಡಿ ಓದಿಕೊಳ್ಳಿ.

ಕಾರು ಕೆಟ್ಟದ್ದು ದೇವರ ಹತ್ತಿರ ಹೇಳುವ ಸಂಗತಿಯೇ ಎಂದು ನೀವು ಕೇಳಬಹುದು. ಕೇಳಿ. ನನ್ನ ಗಂಡ ಬೆನಡಿಕ್ಟರಿಗೆ ಎರಡೂ ಕಿಡ್ನಿ ಹೋಗಿದೆ. ಮಂಗಳವಾರ ಮತ್ತು ಶನಿವಾರ ಮಣಿಪಾಲಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಬೇಕು. ಮಗ ಗಲ್ಫಿನಲ್ಲಿ. ಕಾರು ಬಿಡುವವಳು ಸೊಸೆ ಜೆಸಿಂತಾ. ಡಯಾಲಿಸಿಸ್ ಮುಗಿದ ಮೇಲೆ ಅವರಿಗೆ ತಲೆ ತಿರುಗುತ್ತದೆ, ಕೂರಲಾಗುವುದಿಲ್ಲ, ಸೀಟು ಹಿಂದಕ್ಕೆ ಮಲಗಿಸಿ ಕರೆದುಕೊಂಡು ಬರಬೇಕು. ಆ ಕಾರು ನಮಗೆ ಶೋಕಿಗಲ್ಲ.

ಮೊದಲು ಕಾಪುವಿನ ಸದಾನಂದ ನೋಡಿದ. ಕಾರಿನ ವೈರಿಂಗ್ ಕೆಲಸದವನು, ಒಳ್ಳೆಯವನೇ. ಬ್ಯಾಟರಿ ಬದಲಿಸಿದ. ಮತ್ತೆ ಬಾಗಿಲಿನ ರಬ್ಬರ್ ಬದಲಿಸಿದ. ಪರ್ಕಳದಲ್ಲೊಬ್ಬರು ಎದುರಿನ ಗಾಜಿನ ಸುತ್ತ ಅಂಟು ಹಚ್ಚಿದರು. ಪ್ರತಿ ಸಲವೂ ಎರಡು ದಿನ ಸರಿ, ಮೂರನೇ ಮಳೆಗೆ ಮತ್ತೆ ಅದೇ ರಾಗ.

"ಬಾಯಮ್ಮ, ವೈರಿಗೆ ನೀರು ಹೋಗುತ್ತಾ ಉಂಟು. ಎಲ್ಲಿಂದ ಅಂತ ಗೊತ್ತಾಗುವುದಿಲ್ಲ" ಎಂದ ಸದಾನಂದ.

"ನೀರಿಗೆ ಗೊತ್ತುಂಟಲ್ಲ ಮಾರಾಯ" ಎಂದೆ.

ಒಂದು ಮಂಗಳವಾರ ಮಣಿಪಾಲಕ್ಕೆ ಹೋಗುವಾಗ ಕಾರು ಹೆದ್ದಾರಿಯ ನಡುವೆ ನಿಂತೇಬಿಟ್ಟಿತು. ಹೇಗೋ ರಿಕ್ಷಾ ಹಿಡಿದು ಮುಟ್ಟಿದೆವು. ಕಾರನ್ನು ಸದಾನಂದ ಆಮೇಲೆ ಎಳೆಸಿ ಮನೆಗೆ ತಂದು ಹಾಕಿದ. ಬರುವಾಗ ಮಳೆಗೆ ಯಾವ ರಿಕ್ಷಾದವನೂ ಅಷ್ಟು ದೂರ ಒಪ್ಪಲಿಲ್ಲ. ಉಡುಪಿಯಿಂದ ಬಸ್ಸು ಹತ್ತಿದೆವು. ಕಂಡಕ್ಟರ್ ಯಾರನ್ನೋ ಎಬ್ಬಿಸಿ ಸೀಟು ಕೊಡಿಸಿದ. ಆದರೂ ಕಟಪಾಡಿ ಬರುವ ಮೊದಲೇ ಬೆನಡಿಕ್ಟರು ಎದುರು ನಿಂತ ಹೆಂಗಸಿನ ಸೀರೆಯ ಮೇಲೆ ವಾಂತಿ ಮಾಡಿಕೊಂಡರು. ಆಕೆ ಒಂದು ಮಾತು ಬೈಯಲಿಲ್ಲ. ತನ್ನ ಬಾಟಲಿಯ ನೀರು ಕೊಟ್ಟಳು. ಬೈದಿದ್ದರೆ ಒಳ್ಳೆಯದಿತ್ತು. ಅವಳ ಆ ಒಳ್ಳೆಯತನ ಅವರಿಗೆ ಸಹಿಸಲಾಗಲಿಲ್ಲ.

ಮನೆಗೆ ಬಂದು ಹೇಳಿದರು, "ಸಾಕು ಲೂಸಿ. ಇನ್ನು ನಾನು ಹೋಗುವುದಿಲ್ಲ."

"ಬಾಡಿಗೆ ಕಾರು ಹೇಳುತ್ತೇನೆ."

"ಇನ್ನೊಬ್ಬರ ಸೀಟಿನಲ್ಲಿ ನಾನು ವಾಂತಿ ಮಾಡುವುದಿಲ್ಲ. ನಮ್ಮ ಕಾರಿನಲ್ಲಾದರೆ ಮಾಡಿಕೊಳ್ಳಬಹುದಿತ್ತು. ಅದೂ ಹೋಯಿತು. ನನ್ನನ್ನೂ ಬಿಡು."

ಬಂದ ಶನಿವಾರ ಅವರು ಹೊರಡಲೇ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದರು. ಜೆಸಿಂತಾ ಅತ್ತಳು. ನಾನು ಗದರಿಸಿದೆ. ಯಾವುದಕ್ಕೂ ಏಳಲಿಲ್ಲ. ಸಂಜೆಗೆ ಕಾಲು ಊದಿತು, ಬೆರಳು ಒತ್ತಿದರೆ ಗುಳಿ ಹಾಗೆಯೇ ನಿಲ್ಲುತ್ತಿತ್ತು. ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿ, "ಮಂಗಳವಾರವೂ ತಪ್ಪಿಸಿದರೆ ನೀರು ಎದೆಗೆ ಏರುತ್ತದೆ ಅಮ್ಮ. ಆಮೇಲೆ ನಮ್ಮ ಕೈಯಲ್ಲೂ ಇಲ್ಲ" ಎಂದರು.

ಒಳಗೆ ಗಂಡನಿಗೆ ನೀರು, ಹೊರಗೆ ಕಾರಿಗೆ ನೀರು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.

ಭಾನುವಾರ ಬಸ್ಸು ಹತ್ತಿ ಒಬ್ಬಳೇ ಕಾರ್ಕಳಕ್ಕೆ ಹೋದೆ. ಮೇಣದ ಬತ್ತಿ ಹಚ್ಚಿ ಸಂತರ ಎದುರು ನಿಂತು ಹೇಳಿದೆ, "ಸಂತ ಅಂತೋನಿಯವರೇ, ಜನ ಕಳಕೊಂಡ ಉಂಗುರ, ಬೀಗದ ಕೈ, ದನ, ಎಲ್ಲ ನೀವು ಹುಡುಕಿ ಕೊಡುತ್ತೀರಿ. ನಾನು ಏನೂ ಕಳಕೊಂಡಿಲ್ಲ. ನನಗೆ ಒಂದು ತೂತು ಹುಡುಕಿ ಕೊಡಿ. ನಾಳೆಯೊಳಗೆ ಬೇಕು. ನಾಡಿದ್ದು ಮಂಗಳವಾರ, ನಿಮ್ಮದೇ ವಾರ." ಮೊಣಕಾಲು ಊರಲಿಲ್ಲ. ಊರಿದರೆ ಏಳಲಾಗುವುದಿಲ್ಲ, ಅದು ಅವರಿಗೂ ಗೊತ್ತುಂಟು.

ಸೋಮವಾರ ಮಧ್ಯಾಹ್ನ ಮಳೆ ಕೊಡದಲ್ಲಿ ಹೊಯ್ದ ಹಾಗೆ ಸುರಿಯಿತು. ನೀರು ಎಲ್ಲಿಂದ ಇಳಿಯುತ್ತದೆಂದು ನೋಡಲು ಕಾರನ್ನು ತಗಡಿನ ಮಾಡಿನ ಅಡಿಯಿಂದ ಮಳೆಗೆ ತರಬೇಕು ಎಂದೆ. ಅಂಗಳ ಇಳಿಜಾರು. ಜೆಸಿಂತಾ ಗೇರ್ ತೆಗೆದಳು, ನಾನು ದೂಡಿದೆ. ಮತ್ತೆ ನಾನು ಡ್ರೈವರ್ ಸೀಟಿನಲ್ಲಿ ಕೂತು, ಪಕ್ಕದ ಸೀಟಿನ ಮೇಲೆ ಅಡ್ಡ ಬಿದ್ದು, ಕಾಲಿಡುವ ಜಾಗಕ್ಕೆ ತಲೆ ಇಳಿಸಿದೆ. ಒಂದು ಕೈಯಲ್ಲಿ ಟಾರ್ಚ್, ಒಂದು ಕೈಯಲ್ಲಿ ಜಪಮಾಲೆ.

ಜೆಸಿಂತಾ ಕೊಡೆ ಹಿಡಿದು ಹೊರಗೆ ನಿಂತು, "ಮಾಂಯ್, ಬನ್ನಿ. ನೀವು ಅಲ್ಲೇ ಸತ್ತರೆ ಊರಿನವರು ನನ್ನನ್ನು ಕೇಳುತ್ತಾರೆ" ಎಂದಳು.

"ತೂತು ಹುಡುಕುತ್ತಾ ಸತ್ತರು ಅಂತ ಹೇಳು."

ಜಗಲಿಯಿಂದ ಬೆನಡಿಕ್ಟರು, "ಲೂಸಿ, ನಿನಗೆ ಮರ್ಲ್ ಹಿಡಿದಿದೆ!" ಎಂದು ಕೂಗಿದರು. ಗೋಡೆ ಬಿಟ್ಟು ಹೊರಗೆ ಬಂದು ಬೈದರಲ್ಲ, ಅಷ್ಟು ಲಾಭ.

ಟಾರ್ಚಿಗೆ ಏನೂ ಕಾಣಲಿಲ್ಲ. ಮ್ಯಾಟು ಒಣಗಿಯೇ ಇತ್ತು. ಸೊಂಟ ಹಿಡಿಯಿತು. ಜಪ ಅರ್ಧವಾಗುವಾಗ ಜಪಮಾಲೆ ಕೈಯಿಂದ ಜಾರಿ, ಕಾರ್ಪೆಟ್ ಎದ್ದ ಸಂದಿಯಲ್ಲಿ ಒಳಗೆ ಹೋಯಿತು. ನನ್ನ ತಾಯಿಯ ಜಪಮಾಲೆ. ಬಿಡಲಾಗುತ್ತದೆಯೇ? ಕಾರ್ಪೆಟಿನ ಅಡಿಗೆ ಕೈ ತುರುಕಿದೆ. ಮೇಲೆ ಒಣ, ಅಡಿಯಲ್ಲಿ ಸ್ಪಂಜು ಪೂರಾ ನೀರು! ಹುಡುಕುತ್ತಾ ಕೈ ಮುಂದೆ ಹೋಯಿತು, ಮೇಲೆ ಹೋಯಿತು, ವೈರಿನ ಕಟ್ಟು ಸಿಕ್ಕಿತು. ಅದೂ ಒದ್ದೆ. ಆಗ ನನ್ನ ಮಣಿಕಟ್ಟಿನ ಮೇಲೆ ತಣ್ಣಗೆ ಒಂದು ಹನಿ ಬಿತ್ತು. ಮತ್ತೊಂದು. ಟಾರ್ಚ್ ತಿರುಗಿಸಿದೆ. ಗಾಳಿ ಬೀಸುವ ಫ್ಯಾನಿನ ಡಬ್ಬಿಯಿಂದ ನೀರು ಇಳಿದು ವೈರು ಹಿಡಿದುಕೊಂಡು ಫ್ಯೂಸಿನ ಕಡೆಗೆ ಹೋಗುತ್ತಿತ್ತು.

"ಬಾಗಿಲಲ್ಲ, ಗಾಜಲ್ಲ. ಮುಂದಿನಿಂದ ಬರುತ್ತದೆ! ಬಾನೆಟ್ ತೆಗೆ!" ಎಂದು ಕೂಗಿದೆ.

ಎದುರಿನ ಗಾಜಿನ ಬುಡದಲ್ಲಿ ಕಪ್ಪು ಜಾಲರಿ ಇರುತ್ತದಲ್ಲ, ಅದರ ಕೆಳಗಿನ ತೊಟ್ಟಿ ಅಕ್ಕಿ ನೆನೆಹಾಕಿದ ಪಾತ್ರೆಯ ಹಾಗೆ ತುಂಬಿ ನಿಂತಿತ್ತು. ಅದರಲ್ಲಿ ತೇಲುತ್ತಿದ್ದದ್ದು ಮಲ್ಲಿಗೆ ಮೊಗ್ಗು. ನಮ್ಮ ಜಗಲಿ ಸಣ್ಣದು. ಬೆಳಿಗ್ಗೆ ಕೊಯ್ದ ಹೂವನ್ನು ಕಾರಿನ ಬಾನೆಟ್ ಮೇಲೆ ಹರಡಿ ಅಲ್ಲಿಯೇ ನಿಂತು ಕಟ್ಟುವುದು ನಮ್ಮ ರೂಢಿ. ಬಿದ್ದ ಮೊಗ್ಗು, ಕಟ್ಟಲು ಸೀಳಿದ ಬಾಳೆನಾರಿನ ತುಂಡು, ಎಲ್ಲ ಜಾಲರಿಯೊಳಗೆ ಇಳಿದು ನೀರು ಹೋಗುವ ದಾರಿಗೆ ಬಿರಡೆಯಾಗಿತ್ತು. ಹಿಡಿಸೂಡಿ ಪೊರಕೆಯ ಕಡ್ಡಿ ಹಾಕಿ ಕುತ್ತಿದೆ. ಮುದ್ದೆ ಬಂತು. ನೀರು ಗಳಗಳನೆ ಕೆಳಗಿಳಿಯಿತು.

ಸದಾನಂದನಿಗೆ ಫೋನ್ ಮಾಡಿದೆ. ರೈನ್‌ಕೋಟ್ ಹಾಕಿ ಬೈಕಿನಲ್ಲಿ ಬಂದು ಮುದ್ದೆ ನೋಡಿ ನಕ್ಕ. "ಬಾಯಮ್ಮ, ಕಾರಿನಲ್ಲಿ ಇಲಿ ಗೂಡು ಕಟ್ಟಿದ್ದು ನೋಡಿದ್ದೇನೆ. ಮಲ್ಲಿಗೆ ಮುಡಿದ ಕಾರು ಇದೇ ಮೊದಲು."

"ನಗಾಡಿದ್ದು ಸಾಕು, ಕೆಲಸ ಮಾಡು. ನಾಳೆ ಮಣಿಪಾಲ."

ಅವನು ವೈರಿನ ಜೋಡಣೆ ಒಂದೊಂದಾಗಿ ಬಿಚ್ಚಿ ಹಸಿರು ಕಿಲುಬು ಕೆರೆದ, ಸುಟ್ಟ ಫ್ಯೂಸ್ ಬದಲಿಸಿದ. ಜೆಸಿಂತಾ ತಲೆಕೂದಲು ಒಣಗಿಸುವ ಮೆಷಿನ್ ತಂದು ಕೊಟ್ಟಳು. ಕಾರ್ಪೆಟ್ ಕಿತ್ತು ಒಲೆಯ ಹತ್ತಿರ ಹಾಕಿದೆವು. ಕಾರ್ಪೆಟಿನ ಅಡಿಯಲ್ಲಿ ನನ್ನ ಜಪಮಾಲೆಯೂ ಸಿಕ್ಕಿತು. ಸಂಜೆ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಸ್ಟಾರ್ಟ್.

ಮಂಗಳವಾರ ಬೆಳಿಗ್ಗೆ ಕಾರನ್ನು ಮೆಟ್ಟಿಲಿಗೆ ತಾಗಿಸಿ ನಿಲ್ಲಿಸಿದೆವು. ನಾನು ಬೆನಡಿಕ್ಟರ ಅಂಗಿ ಹಿಡಿದು ನಿಂತೆ.

"ನಾನು ಬರುತ್ತೇನೆ ಅಂತ ಹೇಳಲಿಲ್ಲ" ಎಂದರು.

"ನಾನು ಕೇಳಲಿಲ್ಲ. ಕೈ ಎತ್ತಿ."

ಎತ್ತಿದರು. ಪಾಂಗಾಳ ದಾಟುವಾಗ ಮಳೆ ಹೊಡೆಯಿತು. ವೈಪರ್ ಆಡಿತು, ಹಾರ್ನ್ ಬಾಯಿ ಮುಚ್ಚಿಕೊಂಡಿತು. ಬರುವಾಗ ಅವರು ಸೀಟಿನಲ್ಲಿ ಒರಗಿ ಕಣ್ಣು ಮುಚ್ಚಿದ್ದರು. ನಿದ್ದೆ ಎಂದುಕೊಂಡಿದ್ದೆ. ಕಣ್ಣು ತೆರೆಯದೆಯೇ ಹೇಳಿದರು, "ಶನಿವಾರ ಸ್ವಲ್ಪ ಬೇಗ ಹೊರಡುವ. ತಡವಾದರೆ ಕಿಟಕಿ ಬದಿಯ ಮಂಚ ಬೇರೆಯವರಿಗೆ ಹೋಗುತ್ತದೆ."

ನಾನು ಕಿಟಕಿಯ ಹೊರಗೆ ನೋಡಿದೆ.

ಕಸ ಕಟ್ಟಿಕೊಂಡಿತ್ತು, ತೆಗೆದಿರಿ, ಇದರಲ್ಲಿ ಪವಾಡ ಎಂತ ಎಂದು ನನ್ನ ತಂಗಿಯೇ ಕೇಳಿದಳು. ಕಸ ನಮ್ಮದೇ, ಒಪ್ಪಿದೆ. ಆದರೆ ಕಳೆದದ್ದನ್ನು ಹುಡುಕಿ ಕೊಡುವ ಸಂತರು ನನ್ನಿಂದ ಒಂದನ್ನು ಕಳೆಸಿ, ಕೈ ಹಿಡಿದು ಅಲ್ಲಿಗೇ ಕೊಂಡುಹೋದರು. ಇದಕ್ಕಿಂತ ಹೆಚ್ಚು ವಿವರಿಸಲು ನನಗೆ ಬರುವುದಿಲ್ಲ. ನನ್ನ ಗಂಡನ ಕಿಡ್ನಿ ಸರಿಯಾಗಲಿಲ್ಲ, ಆಗುವುದೂ ಇಲ್ಲ. ಆದರೆ ಈಗ ಅವರೇ ವಾರ ಲೆಕ್ಕ ಹಾಕುತ್ತಾರೆ. ಅದಕ್ಕೆ ಸಂತರಿಗೆ ನನ್ನ ವಂದನೆ.

ನಿಮ್ಮ ಮನೆಯಲ್ಲಿಯೂ ಯಾರಾದರೂ ಸಾಕು ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದರೆ, ಅವರ ಮಾತು ಕೇಳಬೇಡಿ. ಸಂತರಿಗೆ ಹೇಳಿ, ಮತ್ತೆ ನಿಮ್ಮ ಕೈಲಾದದ್ದನ್ನು ಮಾಡಿ. ಅಂಗಿ ಹಾಕಿಸಿ, ಹೊರಡಿಸಿ.

ನಾಳೆ ಮಂಗಳವಾರ. ನಮಗೆ ಬೇಗ ಏಳಲಿಕ್ಕುಂಟು.