ಸಣ್ಣಗಾಗುತ್ತಿದ್ದ ಸೌದೆ

ನಮ್ಮ ಹೊಳೆದಂಡೆಯ ಲಾವುವಿಗೆ ಸೌದೆ ಒದಗಿಸುವುದು ಹತ್ತೊಂಬತ್ತು ವರ್ಷದಿಂದ ಅರ್ವಿ ಹ್ಯುಟ್ಟಿನೆನ್‌ನ ಕೆಲಸ. ಅವನಿಗೀಗ ಎಪ್ಪತ್ತಾರು. ಲಾವು ಎಂದರೆ ಮೂರು ಗೋಡೆ, ಒಂದು ಇಳಿಜಾರು ಮಾಡು. ನಾಲ್ಕನೆಯ ಗೋಡೆ ಇರಬೇಕಾದಲ್ಲಿ ಬೆಂಕಿ. ದೋಣಿಯಲ್ಲಿ ಬಂದವರು, ನಡೆದು ಬಂದವರು, ಯಾರು ಬೇಕಾದರೂ ಪುಕ್ಕಟೆ ಮಲಗಬಹುದು. ಹೊರಡುವಾಗ ಮುಂದಿನವರಿಗೆ ಒಂದು ಹಿಡಿ ಚಕ್ಕೆ ಸೀಳಿಟ್ಟು ಹೋಗಬೇಕು. ಕಟ್ಟಿಗೆಗೆ ಇರುವ ಕಟ್ಟಳೆ ಅದೊಂದೇ.

ಈ ಬೇಸಿಗೆ ಅಲ್ಲಿನ ಸೌದೆ ಕೊಟ್ಟಿಗೆಯಲ್ಲಿ ಅರ್ವಿ ಇಟ್ಟ ದಪ್ಪ ತುಂಡುಗಳು ಮಾಯವಾಗಿ, ಆ ಜಾಗದಲ್ಲಿ ತೆಳುವಾದ ಸೀಳುಗಳು ಕಾಣತೊಡಗಿದವು.

"ಯಾವನೋ ಕಳ್ಳ ಒಳ್ಳೇದನ್ನ ಹೊತ್ಕೊಂಡು ಹೋಗಿ ಚೂರುಪಾರು ಬಿಟ್ಟು ಹೋಗ್ತಿದಾನೆ," ಎಂದ ಅರ್ವಿ.

"ಕಳ್ಳ ಇಷ್ಟು ಅಚ್ಚುಕಟ್ಟಾಗಿ ಜೋಡಿಸಿಟ್ಟು ಹೋಗ್ತಾನಾ ಮಾರಾಯ?" ಎಂದೆ.

"ಅದೇ ನನ್ನ ಅನುಮಾನ. ಪ್ರಾಮಾಣಿಕರು ಯಾರು ಇಷ್ಟು ಅಚ್ಚುಕಟ್ಟಾಗಿರ್ತಾರೆ?"

ತುಂಡುಗಳ ತುದಿಗೆ ನೀಲಿ ಬಳಪ ಬಳಿದ. ಮರುವಾರ ಸೀಳುಗಳ ತುದಿಯಲ್ಲೂ ನೀಲಿ ಇತ್ತು. ಕಳ್ಳನ ಹತ್ತಿರವೂ ಬಳಪ ಇದೆ ಎಂದು ತೀರ್ಮಾನಿಸಿದ. ಬಂದುಹೋದವರು ಹೆಸರು ಬರೆಯುವ ಲಾವುವಿನ ಪುಸ್ತಕದಲ್ಲಿ ಜರ್ಮನ್ ದಂಪತಿ ಎರಡು ಸಲ ಧನ್ಯವಾದ ಬರೆದಿದ್ದರು. ಅವರ ಮೇಲೂ ಕಣ್ಣು ಬಿತ್ತು. ಕೊನೆಗೆ, ಕೊಟ್ಟಿಗೆಗೆ ಬೀಗ ಹಾಕಿಸಬೇಕೆಂದು ಊರ ಸಂಘದ ಶುಕ್ರವಾರದ ಸಭೆಗೆ ಅರ್ಜಿ ಕೊಟ್ಟ. ಬೀಗ ಬಿದ್ದರೆ ಮಳೆಯಲ್ಲಿ ನೆಂದು ಬಂದವರಿಗೆ ಬೆಂಕಿಯಿಲ್ಲ. ಅದು ಅವನಿಗೂ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ನಾವಿಬ್ಬರೂ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಸ್ಪ್ರೂಸ್ ಮರಗಳ ಹಿಂದೆ ಕೂತೆವು. ಸೊಳ್ಳೆಗಳಿಗೆ ನಮ್ಮ ಮೇಲೆ ಯಾವ ಅನುಮಾನವೂ ಇರಲಿಲ್ಲ. ಒಂಬತ್ತಕ್ಕೆ ಆಚೆ ದಡದ ಸೈಮಿ ರೌಟಿಯೊ ದೋಣಿಗೆ ಹುಟ್ಟು ಹಾಕುತ್ತ ಬಂದಳು. ಅವಳೂ ಎಪ್ಪತ್ತು ದಾಟಿದವಳು. ಕೊಡಲಿ ತೆಗೆದು ಸೀಳತೊಡಗಿದಳು.

ಅರ್ವಿ ಎದ್ದ. "ಯಾರನ್ನ ಕೇಳಿ ನನ್ನ ಸೌದೆ ಮುಟ್ಟಿದೆ?"

"ಇಲ್ಲಿ ಮಲಗೋಕೇ ಯಾರನ್ನೂ ಕೇಳಬೇಕಾಗಿಲ್ಲ. ಸೀಳೋಕೆ ಕೇಳಬೇಕಾ?"

"ಯಾಕೆ ಸೀಳ್ತಿದೀಯ?"

"ನಿನ್ನ ದಿಮ್ಮಿಗಳು ಹತ್ಕೊಳ್ಳಲ್ಲ. ಜೂನ್‌ನಲ್ಲಿ ನೆಂದು ಬಂದ ಇಬ್ಬರು ಗೋಡೆ ಹಲಗೆ ಕಿತ್ತು ಸುಟ್ಟರು. ಹೊಸ ಹಲಗೆ ಹೊಡೆದಿದ್ದು ನಾನೇ. ಸಂಘದವರಿಗೆ ಗೊತ್ತಾಗಿದ್ರೆ ನಿನ್ನ ಕೆಲಸ ಬಿಡಿಸ್ತಿದ್ರು."

"ನನ್ನ ಭುಜಕ್ಕೇನೂ ಆಗಿಲ್ಲ."

"ಭುಜದ ಮಾತು ನಾನೆತ್ತಲಿಲ್ಲ," ಎಂದು ಕೊಡಲಿ ಚಾಚಿದಳು.

ಅವನು ಎತ್ತಿದ. ಕಿವಿಯವರೆಗಷ್ಟೇ ಬಂತು. ಹೊಡೆದಾಗ ಅಲಗು ದಿಮ್ಮಿಯಲ್ಲಿ ಸಿಕ್ಕಿಕೊಂಡಿತು. ಎಷ್ಟು ಎಳೆದರೂ ಬರಲಿಲ್ಲ. ಸೈಮಿ ಮೂರು ಲೋಟಗಳಿಗೆ ನಮ್ಮದೇ ಕಾಫಿ ಬಗ್ಗಿಸಿದಳು.

ಶುಕ್ರವಾರ ಸಭೆಯಲ್ಲಿ ಬೀಗದ ವಿಷಯ ಬಂದಾಗ ಅರ್ವಿ ಎದ್ದು ನಿಂತ.

"ಬೀಗ ಬೇಡ. ಸೀಳೋಕೆ ಒಬ್ಬರು ಬೇಕು, ನನ್ನ ಕೈಲಿ ಆಗ್ತಿಲ್ಲ. ಸೈಮಿ ಹೆಸರು ಬರ್ಕೊಳ್ಳಿ."

"ಹಾಗಾದ್ರೆ ನೀನು ಬಿಟ್ಟುಬಿಡ್ತೀಯಾ?" ಎಂದು ಕಾರ್ಯದರ್ಶಿ ಕೇಳಿದ.

"ಬಿಡೋದಾ? ಅವಳು ಏನೇನು ಮಾಡ್ತಾಳೆ ಅಂತ ನೋಡ್ಕೊಳ್ಳೋರು ಬೇಡ್ವಾ?"