ಮುದಿಯಪ್ಪನ ಮನೆಯ ಬೋರಲು ಲಾರಿ

ಗಿಣಿಗೇರಾದ ಕಾರ್ಖಾನೆಗಳಿಗೆ ಹೋಗುವ ರಸ್ತೆಯಲ್ಲಿ ಒಂದು ವೇಬ್ರಿಜ್ ಇದೆ. ಲಾರಿಯವರು ಅದನ್ನು ಕಾಟಾ ಅನ್ನುತ್ತಾರೆ. ಖಾಲಿ ಲಾರಿ ಒಮ್ಮೆ, ತುಂಬಿದ ಲಾರಿ ಒಮ್ಮೆ ಅದರ ಮೇಲೆ ನಿಲ್ಲಬೇಕು. ತೂಕದ ಚೀಟಿ ಹರಿದು ಕೊಡುವವನು ನಾನು, ಗವಿಸಿದ್ದಪ್ಪ. ಹತ್ತೊಂಬತ್ತು ವರ್ಷದಿಂದ ಇದೇ ಕಿಟಕಿಯಲ್ಲಿ ಕೂತಿದ್ದೇನೆ. ಗವಿಸಿದ್ದಪ್ಪನ ಬಾಯಿ ಒರಟು ಎಂದು ಡ್ರೈವರುಗಳು ದೂರುತ್ತಾರೆ. ದಿನಕ್ಕೆ ಇನ್ನೂರು ಸಲ ಹಾರ್ನ್ ಕೇಳುವವನ ಬಾಯಿ ಇನ್ನು ಹೇಗಿರಬೇಕು ಎಂದು ಅವರು ಹೇಳಿಲ್ಲ.

ಇಷ್ಟು ವರ್ಷದಲ್ಲಿ ನನ್ನ ಕಿಟಕಿಯ ಮುಂದೆ ಒಮ್ಮೆಯೂ ಹಾರ್ನ್ ಹೊಡೆಯದ ಡ್ರೈವರ್ ಎಂದರೆ ಮುದಿಯಪ್ಪ ಒಬ್ಬನೇ. ಇರಕಲ್ಲಗಡದವನು. ಹದಿನಾರನೇ ವಯಸ್ಸಿಗೆ ಕ್ಲೀನರ್ ಆಗಿ ಲಾರಿ ಹತ್ತಿದ, ಇಪ್ಪತ್ತೆರಡಕ್ಕೆ ಸ್ಟೇರಿಂಗ್ ಕೈಗೆ ಬಂತು, ಈಗ ನಲವತ್ತರ ಹತ್ತಿರ ಇದ್ದಾನೆ. ಹನ್ನೆರಡು ಚಕ್ರದ ಲಾರಿಯಲ್ಲಿ ಕಬ್ಬಿಣ ಹೇರಿಕೊಂಡು ಊರೂರು ತಿರುಗುವ ಅವನು ಈವರೆಗೆ ಒಂದು ಕೋಳಿಗೂ ಗಾಡಿ ತಾಗಿಸಿಲ್ಲ. ಅದು ಅವನ ಕೈಯ ಹದ ಎಂದು ನಾನು ಹೇಳುತ್ತೇನೆ. ಅವನು ತನ್ನ ನೇಮ ಎಂದು ಹೇಳುತ್ತಾನೆ.

ನೇಮಗಳು ಬಹಳ. ಹೊರಡುವ ಮುಂಚೆ ಟಾಮಿ ಎಂಬ ಕಬ್ಬಿಣದ ಸಲಾಕೆಯಿಂದ ಹನ್ನೆರಡೂ ಟೈರುಗಳನ್ನು ಬಡಿದು ಸದ್ದು ಕೇಳಬೇಕು. ಯಾರಾದರೂ 'ಎಲ್ಲಿಗೆ' ಎಂದು ಕೇಳಿಬಿಟ್ಟರೆ ಇಳಿದು, ನೀರು ಕುಡಿದು, ಮತ್ತೆ ಹತ್ತಬೇಕು. ಎಲ್ಲಕ್ಕಿಂತ ದೊಡ್ಡ ನೇಮವೆಂದರೆ ಪಲ್ಟಿ ಎಂಬ ಮಾತನ್ನು ಬಾಯಿಗೆ ತರಬಾರದು. ಯಾರದಾದರೂ ಲಾರಿ ಉರುಳಿ ಬಿದ್ದರೆ ಮುದಿಯಪ್ಪ 'ಮಲಗೈತಿ' ಎನ್ನುತ್ತಿದ್ದ, ಅದೂ ದನಿ ತಗ್ಗಿಸಿ.

ಇಂಥವನಿಗೆ ಅಮೃತಾ ಹುಟ್ಟಿದಳು. ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು. ಗಿಣಿಗೇರಾದಲ್ಲಿ ನನ್ನ ಮನೆಯಿಂದ ಮೂರನೇ ಬಾಗಿಲು ಅವರದು, ಹಾಗಾಗಿ ಎಲ್ಲವೂ ನನ್ನ ಕಣ್ಣೆದುರೇ ನಡೆದದ್ದು. ಮಗುವಿಗೆ ನಾಲ್ಕು ತುಂಬಿದರೂ ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಆದರೆ ಎರಡು ಓಣಿ ಆಚೆ ಗಿರಣಿ ಶುರುವಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಕೊಪ್ಪಳದಿಂದ ತಂದ ಗೊಂಬೆಯನ್ನು ಎತ್ತಿ ಆಡಿಸಲಿಲ್ಲ. ಅದರ ಒಂದು ಕಣ್ಣಿನ ರೆಪ್ಪೆಯನ್ನು ಮಾತ್ರ ಬೆಳಗಿನಿಂದ ಊಟದ ಹೊತ್ತಿನವರೆಗೆ ತೆಗೆದು ಮುಚ್ಚಿದಳು. ಆಟಿಕೆ ಪಾತ್ರೆಗಳಲ್ಲಿ ಸುಳ್ಳು ಅಡುಗೆ ಮಾಡಲಿಲ್ಲ. ಹೊಸ್ತಿಲಿನಿಂದ ಒಲೆಯವರೆಗೆ ದೊಡ್ಡದು, ಚಿಕ್ಕದು, ಇನ್ನೂ ಚಿಕ್ಕದು ಎಂದು ಸಾಲು ಹಿಡಿಸಿದಳು. ಅಜ್ಜಿ ಕಳಕಮ್ಮ ದಾಟುವಾಗ ಒಂದು ಲೋಟ ಜರುಗಿದರೆ ಮನೆ ಕಿತ್ತು ಹೋಗುವ ಹಾಗೆ ಅಳುತ್ತಿದ್ದಳು.

ಅಂಗನವಾಡಿಯ ಇಮಾಮಬೀ ಟೀಚರ್ ಇದನ್ನೆಲ್ಲ ಗಮನಿಸಿ, ಮಗುವನ್ನು ಕೊಪ್ಪಳದ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು ಮೂರು ಸಲ ಮನೆಗೆ ಬಂದು ಹೇಳಿದರು. ಮೂರು ಸಲವೂ ಕಳಕಮ್ಮ ಅವರಿಗೆ ಚಹಾ ಕೊಟ್ಟು ಕಳಿಸಿದಳು.

ಮುದಿಯಪ್ಪನಿಗೆ ಇದ್ದದ್ದು ಒಂದೇ ಆಸೆ. ಮಗಳು ಒಮ್ಮೆ ತಾನಾಗಿ ಬಂದು ಅವನ ಕೈ ಹಿಡಿಯಬೇಕು. ಬೇರೆ ಮಕ್ಕಳು ಅಪ್ಪನ ಕೈ ಹಿಡಿದು ಅಂಗಡಿಗೆ ಎಳೆಯುತ್ತವಲ್ಲ, ಹಾಗೆ. ಇದನ್ನು ಅವನು ನನಗೆ ಚೀಟಿ ತೆಗೆದುಕೊಳ್ಳುವಾಗ ಒಂದು ಸಲ ಹೇಳಿದ್ದ. ನಾನು ಹಿಂದಿನ ಲಾರಿಗೆ ಮುಂದೆ ಬಾ ಎಂದು ಕೂಗಿದ್ದೆ.

ಆ ಆಸೆಯಲ್ಲೇ ಅವನು ಹೊಸಪೇಟೆಯಿಂದ ಒಂದು ಆಟಿಕೆ ಲಾರಿ ತಂದ. ಕೆಂಪು ಬಣ್ಣ, ಅವನ ಲಾರಿಯದೇ ಬಣ್ಣ. ಅಮೃತಾ ಅದನ್ನು ತೆಗೆದುಕೊಂಡವಳೇ ಬೋರಲು ಹಾಕಿದಳು. ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣನ್ನು ಚಕ್ರದ ಹತ್ತಿರ ತಂದು, ಬೆರಳಿನಿಂದ ಗಿರ್ರನೆ ತಿರುಗಿಸಿದಳು. ಚಕ್ರ ತಿರುಗುವಷ್ಟು ಹೊತ್ತು ಅವಳ ಎರಡೂ ಕೈ ಗಾಳಿಯಲ್ಲಿ ಪಟಪಟ ಬಡಿದುಕೊಂಡವು. ನಕ್ಕಳು ಕೂಡ.

ಮಗಳು ನಕ್ಕದ್ದನ್ನು ಆ ಮನೆಯಲ್ಲಿ ಯಾರೂ ನೋಡಲಿಲ್ಲ. ನೋಡಿದ್ದು ಬೋರಲು ಲಾರಿಯನ್ನು. ಡ್ರೈವರನ ಮನೆ, ಹೊಸ್ತಿಲ ಒಳಗೆ ಕೆಂಪು ಲಾರಿ, ಚಕ್ರ ಮೇಲೆ. "ಇವತ್ತ ಗಾಡಿ ತಗೀಬ್ಯಾಡ, ಮುದಿಯಪ್ಪ," ಎಂದಳು ಕಳಕಮ್ಮ. ಅವನು ಅದಾಗಲೇ ಚಪ್ಪಲಿ ಬಿಚ್ಚಿದ್ದ.

ಅವನ ಲಾರಿಯನ್ನು ಆ ದಿನ ರುದ್ರೇಶ ಎಂಬ ಹೊಸ ಡ್ರೈವರ್ ಒಯ್ದ. ಕುಷ್ಟಗಿ ದಾಟಿದ ಮೇಲೆ ಅದು ಒಂದು ಸಜ್ಜೆ ಹೊಲದಲ್ಲಿ ಮಲಗಿತು. ರುದ್ರೇಶನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವನು ಫೋನಿನಲ್ಲಿ ಮಾತಾಡುತ್ತ ತಿರುವು ತೆಗೆದುಕೊಂಡಿದ್ದ ಎಂದು ಹಿಂದೆ ಬರುತ್ತಿದ್ದ ಡ್ರೈವರ್ ಖುದ್ದು ನನಗೆ ಹೇಳಿದ. ಆದರೆ ಬೋರಲು ಆಟಿಕೆಯ ಸುದ್ದಿ ಕೇಳಿದ್ದ ಗಿಣಿಗೇರಾಕ್ಕೆ ಆ ಕಾರಣ ರುಚಿಸಲಿಲ್ಲ. ಮರುದಿನ ರುದ್ರೇಶ ಕೈಗೆ ಪಟ್ಟಿ ಕಟ್ಟಿಕೊಂಡು, ತೆಂಗಿನಕಾಯಿ ಹಿಡಿದು ಬಂದು, ನಾಲ್ಕೂವರೆ ವರ್ಷದ ಹುಡುಗಿಗೆ ಕೈ ಮುಗಿದ. ಅವಳು ಕಾಯಿಯನ್ನು ತೆಗೆದುಕೊಂಡು ನೆಲದ ಮೇಲೆ ಬುಗುರಿ ಮಾಡಿ ತಿರುಗಿಸಿದಳು.

ಅಲ್ಲಿಂದ ಶುರುವಾಯಿತು. ದೂರದ ಲೋಡು ಸಿಕ್ಕ ಡ್ರೈವರುಗಳು ತಮ್ಮ ಗಾಡಿಯ ಬಣ್ಣದ ಆಟಿಕೆ ಲಾರಿ ಹುಡುಕಿ ತಂದು ಅವಳ ಮುಂದೆ ಇಡತೊಡಗಿದರು. ಅವಳು ಬೋರಲು ಹಾಕಿದರೆ ಹೋಗಬಾರದು, ಹಾಕದಿದ್ದರೆ ಹೋಗಬಹುದು. ಅವಳು ಎಲ್ಲವನ್ನೂ ಬೋರಲು ಹಾಕಿದಳು. ಒಂದು ವಾರದಲ್ಲಿ ಹನ್ನೊಂದು ಲಾರಿಗಳು ನಿಂತವು. ಒಬ್ಬ ಜಾಣ, ಲಾರಿ ಬೇಡವೆಂದು, ಚಕ್ರವಿರುವ ಪ್ಲಾಸ್ಟಿಕ್ ಆನೆ ತಂದ. ಆನೆಯೂ ಬೋರಲು ಬಿತ್ತು. ಅವನು ಆನೆ ಸಾಕುವವನಲ್ಲವಾದ್ದರಿಂದ ಇದರ ಅರ್ಥವೇನೆಂದು ಯಾರಿಗೂ ಬಗೆಹರಿಯಲಿಲ್ಲ.

ಗಾದಿಲಿಂಗಪ್ಪ ಎಂಬ ಒಬ್ಬ ಡ್ರೈವರನ ಲಾರಿ ಮಾತ್ರ ಪಾರಾಯಿತು. ಅವನು ತಂದದ್ದು ಹಳೆಯದು, ಚಕ್ರಗಳು ಜಂಗು ಹಿಡಿದು ಬಿಗಿದುಕೊಂಡಿದ್ದವು. ಅಮೃತಾ ಅದನ್ನು ತಿರುವಿ, ಬೆರಳಿನಿಂದ ಒಂದು ಸಲ ತಳ್ಳಿ ನೋಡಿ, ಚಕ್ರ ತಿರುಗದಿದ್ದಕ್ಕೆ ಆಚೆ ಎಸೆದಳು. ಅದು ನೆಟ್ಟಗೆ ಬಿತ್ತು. ಗಾದಿಲಿಂಗಪ್ಪ ಸಂತೋಷದಿಂದ ಬಳ್ಳಾರಿಗೆ ಹೋದ. ಬಾಗಿಲಲ್ಲಿ ನಿಂತಿದ್ದ ಮುದಿಯಪ್ಪ ಆ ಹಳೆ ಆಟಿಕೆಯನ್ನು ಎತ್ತಿ, ಚಕ್ರ ಮುಟ್ಟಿ ನೋಡಿ, ಒಳಗೆ ತೆಗೆದಿಟ್ಟ.

ಕಳಕಮ್ಮನಿಗೆ ಈಗ ಪುರುಸೊತ್ತಿಲ್ಲ. ಊದಿನಕಡ್ಡಿ ಹಚ್ಚಿ, ಜನರನ್ನು ಸಾಲಾಗಿ ಕೂರಿಸುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಮಗು ಆಡಿ ಶಕ್ತಿ ಕಳೆಯಬಾರದೆಂದು ಆಟಿಕೆಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದಳು. ಮನೆ ತುಂಬ ಜನ, ಹೊಗೆ, ಕಾಯಿ ಒಡೆಯುವ ಸದ್ದು. ಅಮೃತಾ ಕಿವಿ ಮುಚ್ಚಿಕೊಂಡು ಗೋಡೆಗೆ ಹಣೆ ಚಚ್ಚಿಕೊಳ್ಳತೊಡಗಿದಳು. ಮೂರು ದಿನ ಹಾಲು ಬಿಟ್ಟು ಏನನ್ನೂ ಮುಟ್ಟಲಿಲ್ಲ. ನಾನು ಆ ಹಣೆಯ ಬಾವು ನೋಡಿದೆ. ಸಾಲಿನಲ್ಲಿ ಕೂತಿದ್ದ ಏಳು ಜನರನ್ನೂ ಕಾಟಾದಲ್ಲಿ ಡ್ರೈವರುಗಳಿಗೆ ಬೈಯುವುದಕ್ಕಿಂತ ಜೋರಾಗಿ ಬೈದು ಹೊರಗೆ ಹಾಕಿದೆ. ನನಗೆ ಅಷ್ಟು ಸಿಟ್ಟು ಬಂದದ್ದು ಅದೇ ಮೊದಲು.

ಆ ಮನೆಯಲ್ಲಿ ಅದುವರೆಗೆ ಬಾಯಿ ತೆರೆಯದಿದ್ದವಳು ಹುಡುಗಿಯ ತಾಯಿ ಸುನಿತಾ. ಯಲಬುರ್ಗಾದ ಹೆಣ್ಣುಮಗಳು, ಅತ್ತೆಗೆ ಎದುರಾಡಿದ್ದನ್ನು ನಾನಂತೂ ಕೇಳಿರಲಿಲ್ಲ. ಅವಳು ಮಗುವನ್ನು ಎತ್ತಿಕೊಂಡು ಗಂಡನ ಮುಂದೆ ಬಂದು ನಿಂತಳು. "ನನ್ನ ಮಗಳು ದೇವರಲ್ಲರಿ. ಅಕಿಗೆ ಏನಾಗೈತಿ ಅಂತ ಕೇಳಾಕ ದವಾಖಾನಿಗೆ ನಡೀರಿ, ಇಲ್ಲಾಂದ್ರ ನಾ ಒಬ್ಬಾಕಿನ ಹೋಗ್ತೀನಿ," ಎಂದಳು.

ಮುದಿಯಪ್ಪ ಟ್ರಂಕಿನ ಬೀಗ ತೆಗೆದು ಕೆಂಪು ಲಾರಿಯನ್ನು ಚೀಲಕ್ಕೆ ಹಾಕಿಕೊಂಡ. ಜಂಗು ಹಿಡಿದ ಹಳೆಯದನ್ನೂ ಹಾಕಿಕೊಂಡ. ಇಮಾಮಬೀ ಟೀಚರ್ ಜೊತೆಗೆ ಬಂದರು. ನಾನೂ ರಜೆ ಹಾಕಿ ಹೋದೆ, ನನ್ನನ್ನು ಯಾರೂ ಕರೆದಿರಲಿಲ್ಲ.

ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರು ನೋಡಿ, ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಚಾಪೆಯ ಮೇಲೆ ಮಕ್ಕಳನ್ನು ಆಡಿಸುವ ಒಬ್ಬ ಮೇಡಂ ಇದ್ದರು. ಅವರು ಕೆಂಪು ಲಾರಿಯನ್ನು ನೆಟ್ಟಗೆ ಇಟ್ಟರು. ಅಮೃತಾ ಬೋರಲು ಹಾಕಿದಳು. ಮುದಿಯಪ್ಪ ಕಣ್ಣು ಮುಚ್ಚಿಕೊಂಡ. ಮೇಡಂ ಅವಳ ಹಾಗೆಯೇ ಕೆನ್ನೆ ನೆಲಕ್ಕೆ ಹಚ್ಚಿ ಮಲಗಿ, ಇನ್ನೊಂದು ಚಕ್ರವನ್ನು ತಿರುಗಿಸಿದರು. ಯಾರು ಹತ್ತಿರ ಬಂದರೂ ಸರಿದುಹೋಗುವ ಹುಡುಗಿ ಸರಿಯಲಿಲ್ಲ.

ಇದಕ್ಕೆ ಆಟಿಸಂ ಅನ್ನುತ್ತಾರೆ ಎಂದು ಅವರು ಬಿಡಿಸಿ ಹೇಳಿದರು. ಜ್ವರದ ಹಾಗೆ ಔಷಧಿ ಕೊಟ್ಟು ಇಳಿಸುವಂಥದ್ದಲ್ಲ, ಯಾರ ತಪ್ಪೂ ಅಲ್ಲ, ಅವಳು ಲೋಕವನ್ನು ನೋಡುವ ರೀತಿಯೇ ಬೇರೆ. ಮಾತು ಕಲಿಸಲು ಪ್ರಯತ್ನ ಮಾಡೋಣ, ವಾರಕ್ಕೆರಡು ಸಲ ಕರೆತನ್ನಿ ಎಂದರು. ಸುನಿತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮುದಿಯಪ್ಪ ಚೀಲದಿಂದ ಹಳೆ ಲಾರಿ ತೆಗೆದು, ಇದನ್ನು ಮಾತ್ರ ಯಾಕೆ ಎಸೆದಳು ಎಂದು ಕೇಳಿದ.

ಮೇಡಂ ಅದರ ಚಕ್ರ ತಿರುಗಿಸಲು ನೋಡಿದರು, ತಿರುಗಲಿಲ್ಲ. "ನಿಮಗ ಇದು ಲಾರಿರಿ. ಅಕಿಗೆ ಬರೇ ಚಕ್ರ," ಎಂದರು. "ನೆಟ್ಟಗ ಆಡು ಅಂತ ಜಗ್ಗಬ್ಯಾಡ್ರಿ. ಮೊದಲ ಅಕಿ ಆಟದಾಗ ನೀವು ಹೋಗ್ರಿ."

ಮುದಿಯಪ್ಪ ಹಳೆ ಲಾರಿಯನ್ನು ವಾಪಸ್ ಚೀಲಕ್ಕೆ ಹಾಕಿದ. ಆಮೇಲೆ, "ಅಂದ್ರ ನನ್ನ ಗಾಡಿ ಪಲ್ಟಿ ಆಗಂಗಿಲ್ಲೇನ್ರಿ?" ಎಂದು ಕೇಳಿದ. ಆ ಮಾತನ್ನು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಅದು ನೀವು ಹೆಂಗ ಓಡಸ್ತೀರಿ ಅದರ ಮ್ಯಾಲ ಐತ್ರಿ," ಎಂದರು ಮೇಡಂ.

ಮನೆಗೆ ಬಂದ ಮೇಲೆ ಅವನು ಪ್ರಯತ್ನ ಮಾಡಿದ. ಮಗಳ ಪಕ್ಕದಲ್ಲಿ ಕೆನ್ನೆ ಹಚ್ಚಿ ಮಲಗಿದ. ಆದರೆ ಬೋರಲು ಲಾರಿಯನ್ನು ಮುಟ್ಟಲು ಕೈ ಮುಂದೆ ಹೋಗಲಿಲ್ಲ. ಇಪ್ಪತ್ತು ವರ್ಷದ ನೇಮ ಒಂದು ದಿನಕ್ಕೆ ಬಿಡುವುದಿಲ್ಲ. ಬೆವೆತು ಎದ್ದು ಹೊರಗೆ ಬಂದು ನನ್ನ ಕಟ್ಟೆಯ ಮೇಲೆ ಕೂತ. "ಅಣ್ಣಾ, ನನ್ನ ಕೈಲೆ ಆಗವಲ್ದು," ಎಂದ. ಅವನು ಅಳುತ್ತಿದ್ದ. ನಾನು ಒಳಗೆ ಹೋಗಿ ನೀರು ತಂದೆ.

ಎರಡು ದಿನದ ಮೇಲೆ ಅವನ ಲಾರಿ ರಿಪೇರಿಯಾಗಿ ಬಂತು, ಮತ್ತೆ ಲೋಡೂ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಖಾಲಿ ಲಾರಿ ತಂದು ಕಾಟಾಕ್ಕೆ ಹತ್ತುವ ಸಿಮೆಂಟಿನ ಇಳಿಜಾರಿಗಿಂತ ಸ್ವಲ್ಪ ಈಚೆ, ಸಮನೆಲದಲ್ಲಿ ನಿಲ್ಲಿಸಿದ. ಕ್ಯಾಬಿನ್ನಿನಿಂದ ಸುನಿತಾ ಮಗಳನ್ನು ಇಳಿಸಿಕೊಂಡಳು. ಇಲ್ಲಿ ಯಾಕೆ ನಿಲ್ಲಿಸಿದೆ ಎಂದು ನಾನು ಕಿಟಕಿಯಿಂದಲೇ ಗದರಿದೆ. ಬೇರೆ ಕಡೆ ಎಲ್ಲ ಅದಿರಿನ ಪುಡಿ, ಜಾಕ್ ಹೂತು ಹೋಗುತ್ತದೆ ಎಂದ. ಹಿಂದಿನ ಚಕ್ರಗಳಿಗೆ ದೊಡ್ಡ ಕಲ್ಲು ಕೊಟ್ಟ. ಮುಂದಿನ ಚಕ್ರದ ಹತ್ತಿರ ಜಾಕ್ ಇಟ್ಟು ಏರಿಸಿದ. ಚಕ್ರ ನೆಲ ಬಿಟ್ಟು ಒಂದು ಗೇಣು ಮೇಲೆದ್ದಾಗ, ಎರಡೂ ಕೈಯಿಂದ ಜೋರಾಗಿ ತಿರುಗಿಸಿದ.

ಅವಳಷ್ಟೇ ಎತ್ತರದ ಚಕ್ರ. ಅಮೃತಾ ತಾಯಿಯ ಕೈ ಬಿಡಿಸಿಕೊಂಡು ಮುಂದೆ ಬಂದು, ತಲೆಯನ್ನು ಭುಜಕ್ಕೆ ವಾಲಿಸಿ, ಒಂದು ಕಣ್ಣಿನಿಂದ ನೋಡಿದಳು. ಕೈಗಳು ಪಟಪಟ ಬಡಿದುಕೊಂಡವು. ನಕ್ಕಳು. ಈ ಸಲ ಎಲ್ಲರೂ ನೋಡಿದರು.

ಚಕ್ರ ನಿಧಾನವಾಗಿ ನಿಂತಿತು. ಮುದಿಯಪ್ಪ ಮೈಮೇಲಿನ ಧೂಳು ಕೊಡವಿಕೊಂಡು ನಿಂತಿದ್ದ. ಅಮೃತಾ ಅವನ ಮುಖ ನೋಡಲಿಲ್ಲ. ಅವನ ಬಲಗೈಯ ಎರಡು ಬೆರಳು ಹಿಡಿದಳು. ಎಳೆದುಕೊಂಡು ಹೋಗಿ ಟೈರಿನ ಮೇಲೆ ಇಟ್ಟಳು.

ಅವನು ಅಲುಗಾಡದೆ ನಿಂತುಬಿಟ್ಟ. ಹಿಂದೆ ನಾಲ್ಕು ಲಾರಿ ಸೇರಿ ಹಾರ್ನ್ ಶುರುವಾಗಿತ್ತು. ಅವಳು ಒಂದು ಕೈಯಿಂದ ಒಂದು ಕಿವಿ ಮುಚ್ಚಿಕೊಂಡಳು, ಇನ್ನೊಂದು ಕೈಯನ್ನು ಅವನ ಬೆರಳಿನಿಂದ ತೆಗೆಯಲಿಲ್ಲ. ನಾನು ಕಿಟಕಿ ಬಿಟ್ಟು ಎದ್ದು ಹೋಗಿ, ಕಾಟಾ ಕೆಟ್ಟಿದೆ, ಎಂಜಿನ್ ಬಂದ್ ಮಾಡಿ, ಹಾರ್ನ್ ಹೊಡೆದವರಿಗೆ ಇವತ್ತು ಚೀಟಿ ಇಲ್ಲ ಎಂದು ನಾಲ್ವರಿಗೂ ಹೇಳಿ ಬಂದೆ.

ವಾಪಸ್ ಬರುವಷ್ಟರಲ್ಲಿ ಚಕ್ರ ತಿರುಗುತ್ತಿತ್ತು. ನಿಂತಾಗಲೆಲ್ಲ ಅವಳು ಅವನ ಕೈ ಹಿಡಿದು ಮತ್ತೆ ಟೈರಿನ ಮೇಲೆ ಇಡುತ್ತಿದ್ದಳು. ಆ ದಿನ ಕಾಟಾ ಮುಕ್ಕಾಲು ಗಂಟೆ ಕೆಟ್ಟಿತ್ತು.