ಟೀವಿ ಮೇಲಿನ ಸುಗಂಧರಾಜ

ಶಿವಬಸವ ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಅವತ್ತು ಐದು ಜನ ಇದ್ದೆವು. ನಮ್ಮವ್ವ ಶೇಂಗಾ ಸುಲಿಯುತ್ತಿದ್ದಳು, ಅಣ್ಣ ಪೇಪರು ಹಿಡಿದಿದ್ದ, ಕಾಲೇಜಿಗೆ ಚಕ್ಕರ್ ಹೊಡೆದ ನಾನು ದಿವಾನದ ಮೇಲಿದ್ದೆ. ಎದುರಿಗೆ ಖಾನಾಪುರದಿಂದ ಬಂದಿದ್ದ ವೈನಿಯ ತಮ್ಮ. ಬಾಗಿಲಿಗೆ ಆತು ನಿಂತವಳು ವೈನಿ, ಅಂದರೆ ನಮ್ಮಣ್ಣನ ಹೆಂಡತಿ. ಮದುವೆಯಾಗಿ ವರ್ಷ ತುಂಬಿರಲಿಲ್ಲ.

ನಾಗರ ಪಂಚಮಿಗೆ ಎಂಟು ದಿನವಿತ್ತು. ಮೊದಲ ಪಂಚಮಿಗೆ ಮಗಳು ತವರಲ್ಲಿರಬೇಕು ಎಂಬುದು ನಮ್ಮ ಕಡೆಯ ರೂಢಿ. ಅಕ್ಕನನ್ನು ಕರೆಯಲು ಬಂದ ಅವನು ತಮ್ಮ ಹೊಲದಲ್ಲಿ ಬೆಳೆದ ಸುಗಂಧರಾಜದ ಒಂದು ಹಿಡಿ ಕಡ್ಡಿ ತಂದಿದ್ದ.

"ಅವ್ವ ಹಾಸಿಗಿ ಹಿಡದಾಳ್ರೀ ಅತ್ಯಾರ. ಅಕ್ಕನ್ನ ಒಂದೀಟು ಜಲ್ದಿ ಕಳಿಸಿದ್ರ..." ಎಂದ.

ನಮ್ಮವ್ವ ಹೂ ಮೂಸಿ ನೋಡಿದಳು. "ಇಷ್ಟ ಚೊಲೋ ಹೂವಾ ತಂದೀಯಲ್ಲಪಾ. ಇವು ಪಂಚಮೀ ತನಕಾ ಬಾಡದ ಇದ್ರ ಕಳಸ್ತೀನಿ. ಬಾಡಿದ್ವು ಅಂದ್ರ ನಿಮ್ಮಕ್ಕ ಇಲ್ಲೇ ಜೋಕಾಲಿ ಆಡ್ಲಿ."

ನಾವು ನಕ್ಕೆವು. ಚೇಷ್ಟೆ ಎಂದುಕೊಂಡು ತಮ್ಮನೂ ನಕ್ಕ. ಅತ್ತೆಯ ಜೊತೆ ಹತ್ತು ತಿಂಗಳು ಬಾಳಿದ ವೈನಿ ಮಾತ್ರ ನಗಲಿಲ್ಲ.

ಹೂದಾನಿಯ ಜಾಗ ಟೀವಿಯ ಮೇಲೆ; ಬಂದವರ ಕಣ್ಣಿಗೆ ಬೀಳಬೇಕಲ್ಲ. ಆಗಿನ ಡಬ್ಬಿ ಟೀವಿಗಳು ತಾಸು ಓಡಿದರೆ ರೊಟ್ಟಿ ಹಂಚಿನ ಹಾಗೆ ಕಾಯುತ್ತಿದ್ದವು. ವೈನಿ ದಿನಾ ಬೆಳಿಗ್ಗೆ ನೀರು ಬದಲಿಸಿ, ಬಕೀಟಿನ ನೀರೊಳಗೇ ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸುವಳು. ನೀರಲ್ಲಿ ಮುಳುಗುವ ಎಲೆ ಕಿತ್ತು, ಚಿಟಿಕೆ ಸಕ್ಕರೆ, ಎರಡು ಹನಿ ಲಿಂಬೆರಸ ಹಾಕುವಳು. ಬುಡದ ಹೂ ಕಂದಿದ ಕೂಡಲೇ ಚಿವುಟಿದರೆ ಮೇಲಿನ ಮೊಗ್ಗು ಅರಳುತ್ತಿತ್ತು. ಮಧ್ಯಾಹ್ನ ಅವ್ವ ಅಡ್ಡಾದಾಗ ಹೂದಾನಿಯನ್ನು ಹಿತ್ತಲ ನೀರಿನ ತೊಟ್ಟಿಯ ನೆರಳಿಗೆ ಒಯ್ದಿಟ್ಟು, ಆಕೆ ಏಳುವುದರೊಳಗೆ ತಂದಿಡುತ್ತಿದ್ದಳು. ಆರನೆಯ ದಿನವೂ ಕಡ್ಡಿಗಳು ನೆಟ್ಟಗೆ ನಿಂತಿದ್ದವು.

ಆ ಸಂಜೆ ಚಹಾ ಕುಡಿಯುತ್ತ ಅವ್ವ, "ಏನ ಮಾಟಾ ಮಾಡ್ಯಾಳ ಇಕಿ?" ಎಂದಳು.

"ಮಾಟಾ ಇಲ್ಲ ಏನಿಲ್ಲ. ನೀ ಮಲಗಿದ ಕೂಡ್ಲೆ ತೊಟ್ಟಿ ಬಾಜು ಇಡ್ತಾಳ," ಎಂದೆ. ವೈನಿಯ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಅವ್ವನನ್ನು ನಗಿಸಬೇಕಿತ್ತು, ಅಷ್ಟೆ.

ಮರುದಿನ ಅವ್ವ ಮಧ್ಯಾಹ್ನ ಮಲಗಲಿಲ್ಲ. ಬೆಳಿಗ್ಗೆಯ ಭಜನೆಯಿಂದ ಹಿಡಿದು ಟೀವಿ ಓಡಿದ್ದೇ ಓಡಿದ್ದು.

"ಅತ್ಯಾರ, ಹೂವಾ ಬ್ಯಾರೇ ಕಡೆ ಇಡ್ಲ್ಯಾ?" ಎಂದು ವೈನಿ ಕೇಳಿದಳು.

"ಯಾಕ, ಅಲ್ಲೇ ಛಂದ ಕಾಣ್ತಾವ. ಇರ್ಲಿ ಬಿಡು."

ಹಬ್ಬದ ಮುನ್ನಾದಿನ ತಮ್ಮ ಕರೆಯಲು ಬಂದ. ಅಷ್ಟೊತ್ತಿಗೆ ಟೀವಿಯ ಮೇಲೆಲ್ಲ ಕಂದಿದ ಹೂ ಉದುರಿ, ಕಡ್ಡಿಗಳು ಕತ್ತು ಚೆಲ್ಲಿದ್ದವು.

"ನೋಡಪಾ, ಮಾತಂದ್ರ ಮಾತು," ಎಂದಳು ಅವ್ವ.

"ಅವ್ವ ಬಾಗಲಾ ನೋಡಕೋತ ಮಲಗ್ಯಾಳ್ರೀ, ಅತ್ಯಾರ."

"ನಾ ಎಲ್ಲಿ ಬ್ಯಾಡ ಅಂದ್ನಿ? ಹೂವಾ ಬ್ಯಾಡ ಅಂದ್ವು."

ವೈನಿಯ ತಮ್ಮ ನಮ್ಮಣ್ಣನ ಕಡೆ ನೋಡಿದ. ಅಣ್ಣ ಪೇಪರಿನ ಪುಟ ತಿರುವಿದ. ವೈನಿ ತಾಯಿಗೆಂದು ಒಂದು ಡಬ್ಬಿ ಶೇಂಗಾ ಉಂಡಿ ಕಟ್ಟಿಕೊಟ್ಟಳು. ಅವನು ಒಬ್ಬನೇ ಹೋದ.

ಪಂಚಮಿ ಕಳೆದ ಒಂಬತ್ತನೆಯ ದಿನ ಬೆಳಿಗ್ಗೆ ಅವನು ಮತ್ತೆ ಬಂದ. ಅವ್ವ ಏನೂ ಕೇಳದೆ ತಾನೇ ವೈನಿಯ ಚೀಲಕ್ಕೆ ಸೀರೆ ತುಂಬಿದಳು. ಅಕ್ಕ ತಮ್ಮ ಖಾನಾಪುರದ ಬಸ್ಸು ಹಿಡಿದರು. ಅಲ್ಲಿ ಮಣ್ಣು ಮಾಡಲು ವೈನಿಗಾಗಿ ಕಾಯುತ್ತಿದ್ದರು.